ಜರ್ಮನಿಯ ಚಕ್ಕುಬಂದಿ

ಚಿಕ್ಕಬಳ್ಳಾಪುರ ಜಿಲ್ಲೆಯ ಮಟ್ಟಿಗೆ ಈಗ ಅಧಿಕೃತವಾಗಿ ಹೆಸರಿರುವ ದೇಶಗಳು ಹನ್ನೆರಡು. ಇವುಗಳಲ್ಲಿ ಹನ್ನೊಂದು ಸಮುದ್ರದ ನಡುವಿನ ದ್ವೀಪಗಳು. ಹನ್ನೆರಡನೆಯದು ಗೌರಿಬಿದನೂರು ತಾಲೂಕಿನ ನಗರಗೆರೆಯಲ್ಲಿದೆ. ಪ್ರಪಂಚದ ಮಿಕ್ಕ ದೇಶಗಳ ಹೆಸರುಗಳು ಪರಿಶೀಲನೆಯಲ್ಲಿದ್ದು, ಅದು ಮುಗಿಯುವ ತನಕ ಸಾರ್ವಜನಿಕರು ಆ ದೇಶಗಳನ್ನು ಹೆಸರು ಹಿಡಿದು ಕರೆಯದೆ ಸಹಕರಿಸಬೇಕೆಂದು ವಿದೇಶ ನಾಮ ನಿಖರತಾ ಕೋಶವು ಕೋರಿದೆ. ಸಾರ್ವಜನಿಕರು ಸಹಕರಿಸುತ್ತಿದ್ದಾರೆ.

ಈ ಕೋಶ ಹುಟ್ಟಿದ್ದು ದ್ರಾಕ್ಷಿಯಿಂದ. ನಂದಿಯ ಸುತ್ತ ಬೆಳೆಯುವ ದ್ರಾಕ್ಷಿಯನ್ನು ಇನ್ನೂ ಚೆನ್ನಾಗಿ ಬೆಳೆಯುವುದು ಹೇಗೆಂದು ನೋಡಿಕೊಂಡು ಬರಲು ಒಂದು ಅಧ್ಯಯನ ನಿಯೋಗ ಹಂಗೇರಿಗೆ ಹೊರಟಿತ್ತು. ನಿಯೋಗದಲ್ಲಿ ದ್ರಾಕ್ಷಿ ಬೆಳೆಯುವವರನ್ನು ಬಿಟ್ಟು ಮಿಕ್ಕೆಲ್ಲರೂ ಇದ್ದರು. ಜಿಲ್ಲಾ ಪಂಚಾಯಿತಿ ಅಧ್ಯಕ್ಷರ ಷಡ್ಡಕರೂ ಇದ್ದರು. ವಿಯೆನ್ನಾದಲ್ಲಿ ವಿಮಾನ ಇಳಿದು ಬಸ್ಸು ಹಿಡಿಯಬೇಕಿತ್ತು. ಬಂದ ಬಸ್ಸುಗಳ ಮೇಲೆಲ್ಲ ‘ಮಾದ್ಯರೊರ್ಸಾಗ್’ ಎಂದು ಬರೆದಿತ್ತೇ ಹೊರತು ಹಂಗೇರಿ ಎಂದು ಬರೆದ ಬಸ್ಸು ಒಂದೂ ಬರಲಿಲ್ಲ. ಹಂಗೇರಿಯವರು ತಮ್ಮ ದೇಶವನ್ನು ಹಾಗೆ ಕರೆದುಕೊಳ್ಳುತ್ತಾರೆಂಬುದು ನಿಯೋಗಕ್ಕೆ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಳ್ಳುವುದು ಅಧಿಕಾರದಲ್ಲಿರುವವರಿಗೆ ಶೋಭೆಯಲ್ಲ. ಅವರು ಒಂದು ವಾರ ವಿಯೆನ್ನಾದ ಅಂಗಡಿಗಳಲ್ಲೇ ಬಸ್ಸು ಕಾದು, ಭಾರವಾದ ಪೆಟ್ಟಿಗೆಗಳೊಡನೆ ಊರಿಗೆ ಮರಳಿದರು.

ನಿಯೋಗದ ವರದಿಯಲ್ಲಿ ದ್ರಾಕ್ಷಿಯ ಪ್ರಸ್ತಾಪವಿಲ್ಲ. ಒಂದು ದೇಶವು ಮನೆಯೊಳಗೆ ಒಂದು ಹೆಸರು, ಹೊರಗಿನವರಿಗೆ ಒಂದು ಹೆಸರು ಇಟ್ಟುಕೊಂಡಿರುವುದು ಈ ಜಿಲ್ಲೆಗೆ ಬಗೆದ ಮೋಸವೆಂದೂ, ಎಲ್ಲ ದೇಶಗಳ ನಿಜವಾದ ಹೆಸರನ್ನು ತೀರ್ಮಾನಿಸಲು ಒಂದು ಕೋಶವನ್ನು ತುರ್ತಾಗಿ ತೆರೆಯಬೇಕೆಂದೂ ಅದರಲ್ಲಿದೆ. ತುರ್ತಾಗಿ ತೆರೆಯಲಾಯಿತು. ದುಡಿಯಲು ಪರದೇಶಕ್ಕೆ ಹೋಗುವ ಜಿಲ್ಲೆಯ ಪ್ರತಿಯೊಬ್ಬರೂ ‘ಗಮ್ಯದೇಶ ನಾಮ ದೃಢೀಕರಣ ಪತ್ರ’ ಪಡೆಯತಕ್ಕದ್ದು ಎಂಬ ನಿಯಮವೂ ಬಂತು. ಆ ಪತ್ರವಿಲ್ಲದೆ ಯಾವ ನೇಮಕಾತಿ ಏಜೆನ್ಸಿಯೂ ಯಾರನ್ನೂ ವಿಮಾನ ಹತ್ತಿಸುವಂತಿಲ್ಲ.

ಕೋಶಕ್ಕೆ ನಿಯೋಜನೆಯಾದವರೆಲ್ಲ ಜಮೀನಿನ ಖಾತೆ ಮಾಡಿ ಪಳಗಿದವರು. ಅವರಿಗೆ ಗೊತ್ತಿದ್ದದ್ದು ಒಂದೇ ದಾರಿ. ಮೊದಲು ಚಕ್ಕುಬಂದಿ, ಅಂದರೆ ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದು, ಉತ್ತರ ದಕ್ಷಿಣಕ್ಕೆ ಯಾರದು ಎಂದು ಬರೆದುಕೊಳ್ಳುವುದು. ಆ ನಾಲ್ಕು ಕಡೆಯವರಿಗೂ ನೋಟಿಸು. ಯಾರದೂ ತಕರಾರಿಲ್ಲವಾದರೆ ಸ್ಥಳದಲ್ಲಿ ಪಂಚರ ಮುಂದೆ ಮಹಜರು, ಆಮೇಲೆ ಖಾತೆ. ದೇಶವೆಂದರೂ ಒಂದು ಜಮೀನೇ ತಾನೆ, ಸ್ವಲ್ಪ ದೊಡ್ಡದು ಅಷ್ಟೆ ಎಂದು ಅವರು ಕೆಲಸ ಶುರು ಮಾಡಿದರು.

ನಗರಗೆರೆಯ ಪ್ರಿಯಾಂಕ ಈ ಕೋಶದ ಮೆಟ್ಟಿಲು ಹತ್ತಿದ್ದು ಸಂಕ್ರಾಂತಿ ಕಳೆದ ವಾರ. ಅವಳು ಗೌರಿಬಿದನೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಅಲ್ಲಿ ಎರಡು ಮಹಡಿಯ ರೋಗಿಗಳನ್ನು ಒಬ್ಬಳೇ ನೋಡಿಕೊಂಡು, ಬಿಡುವಾದಾಗ ಡಾಕ್ಟರ ಹೆಂಡತಿಯ ಕಾರಿಗೆ ಪೂಜೆಯ ಹೂವನ್ನೂ ಮುಡಿಸಬೇಕಿತ್ತು. ರೋಗಿಯ ಪಕ್ಕದಲ್ಲಿ ಕೂತು ಅವರ ಮಾತು ಪೂರ್ತಿ ಕೇಳಿಸಿಕೊಳ್ಳುವಷ್ಟು ಹೊತ್ತು ಸಿಗುವ ಕೆಲಸ ಬೇಕು ಎಂಬುದೊಂದೇ ಅವಳ ಆಸೆ. ಬೆಂಗಳೂರಿಗೆ ಪಾಠಕ್ಕೆ ಹೋಗಿಬರುವ ರೈಲಿನಲ್ಲಿ ನಿಂತುಕೊಂಡೇ ಓದಿ ಜರ್ಮನ್ ಕಲಿತು, ಪರೀಕ್ಷೆ ಪಾಸು ಮಾಡಿ, ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ಅಂಥ ಕೆಲಸವನ್ನು ಗಿಟ್ಟಿಸಿಕೊಂಡಿದ್ದಳು. ಯುಗಾದಿಯೊಳಗೆ ಎಲ್ಲ ಕಾಗದ ಕೊಟ್ಟರೆ ಕೆಲಸ ಅವಳದು, ಇಲ್ಲದಿದ್ದರೆ ಬೇರೆಯವರದು. ಒಂದು ಕಾಗದ ಬಿಟ್ಟು ಎಲ್ಲವೂ ಸಿದ್ಧವಾಗಿತ್ತು.

ವಿಷಯ ನಿರ್ವಾಹಕ ಬಯ್ಯಪ್ಪನವರು ಕನ್ನಡಕ ಏರಿಸಿಕೊಂಡರು.

“ಯಾವ ದೇಶಮ್ಮ?”

“ಜರ್ಮನಿ ಸರ್.”

“ಅದು ನಾವು ಕರೆಯೋದು. ಅಲ್ಲಿನೋರು ಏನಂತ ಕರ್ಕೊಂತಾರೆ?”

“ಡಾಯ್ಚ್‌ಲಾಂಡ್ ಅಂತ. ಜನರ ನಾಡು ಅಂತ ಅರ್ಥವಂತೆ ಸರ್.”

“ಜನ ಇಲ್ಲದ ನಾಡು ಯಾವುದಿದೆಯಮ್ಮ? ಇರಲಿ, ಅದು ಖಾತೆದಾರರ ಸ್ವಂತ ಹೇಳಿಕೆ. ಹೊಲದೋನೇ ಬಂದು ಹೊಲ ನಂದು ಅಂದ್ರೆ ನಂಬಕ್ಕಾಗುತ್ತಾ? ಚಕ್ಕುಬಂದಿ ಹೇಳಮ್ಮ. ಪೂರ್ವಕ್ಕೆ ಯಾರು?”

ಇಲ್ಲಿ ಪ್ರಿಯಾಂಕ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಪಾಠ ಹೇಳಿಕೊಟ್ಟ ಮೇಷ್ಟ್ರು ಒಂದು ದಿನ ತಮಾಷೆಗೆಂದು ಹೇಳಿದ್ದೆಲ್ಲ ಅವಳಿಗೆ ನೆನಪಿತ್ತು. ಕಲಿತದ್ದನ್ನು ಯಾರೋ ಕೇಳುತ್ತಿದ್ದಾರಲ್ಲ ಎಂಬ ಖುಷಿಯಲ್ಲಿ ಒಂದನ್ನೂ ಬಿಡದೆ ಹೇಳಿದಳು.

“ಪೋಲೆಂಡ್ ಸರ್. ಅವರು ಜರ್ಮನಿಯನ್ನ ನಿಯೆಮ್ತ್ಸಿ ಅಂತಾರೆ. ಮೂಕರು ಅಂತ. ಇವರು ಆಡೋದು ಅವರಿಗೆ ತಿಳೀತಿರಲಿಲ್ಲ ನೋಡಿ, ಅದಕ್ಕೇ ಮಾತು ಬಾರದೋರು ಅಂದುಬಿಟ್ರು.”

ಬಯ್ಯಪ್ಪನವರ ಪೆನ್ನು ನಿಂತಿತು. “ಪಶ್ಚಿಮಕ್ಕೆ?”

“ಫ್ರಾನ್ಸ್. ಅವರು ಅಲ್ಮಾಞ್ ಅಂತಾರೆ. ಅವರ ಗಡೀಲಿ ಅಲೆಮಾನ್ನಿ ಅಂತ ಒಂದು ಪಂಗಡ ಇತ್ತಂತೆ. ಎಲ್ಲ ಗಂಡಸರು ಅಂತ ಅದರ ಅರ್ಥ ಇರಬೇಕು ಅಂತಾರೆ. ಮೊದಲು ಕಣ್ಣಿಗೆ ಬಿದ್ದೋರ ಹೆಸರನ್ನೇ ಇಡೀ ದೇಶಕ್ಕೆ ಇಟ್ಟರು.”

“ಉತ್ತರಕ್ಕೆ?”

“ಡೆನ್ಮಾರ್ಕ್, ಆಮೇಲೆ ಸಮುದ್ರ. ಸಮುದ್ರದ ಆಚೆ ಫಿನ್‌ಲ್ಯಾಂಡಿನೋರು ಸಾಕ್ಸಾ ಅಂತಾರೆ. ಸ್ಯಾಕ್ಸನ್ ಅನ್ನೋ ಜನದ ಮೇಲಿಂದ. ಅವರು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಳ್ತಿದ್ದರಂತೆ, ಅದರಿಂದ ಬಂದ ಹೆಸರು. ದಕ್ಷಿಣದೋರದು ಜರ್ಮನ್ ಮಾತೇ ಸರ್, ಅವರೂ ಡಾಯ್ಚ್‌ಲಾಂಡ್ ಅಂತಾರೆ.”

“ಹಂಗಾದ್ರೆ ಅವರು ಖಾತೆದಾರರ ಕಡೆಯೋರು, ಬಿಡು. ಮತ್ತೆ ಜರ್ಮನಿ ಅನ್ನೋದನ್ನ ಯಾರಮ್ಮ ಇಟ್ಟಿದ್ದು?”

“ರೋಮಿನೋರು ಸರ್. ಅವರಿಂದ ಇಂಗ್ಲಿಷಿನೋರು ಕಲಿತರು, ಅವರಿಂದ ನಾವು.”

“ರೋಮಿನೋರು ಚಕ್ಕುಬಂದೀಲಿ ಬರ್ತಾರಾ?”

“ಈಗ ಇಲ್ಲ ಸರ್.”

“ಬದುನೇ ಇಲ್ಲದೋರಿಗೆ ಹೆಸರಿಡೋಕೆ ಏನು ಹಕ್ಕಮ್ಮ? ತಕರಾರು ಕೇಸು ಇದು. ಸಾಹೇಬ್ರ ಮುಂದೆ ಹೋಗ್ಬೇಕು.”

ಸಾಹೇಬರೆಂದರೆ ವಿಶೇಷಾಧಿಕಾರಿ ರಮೇಶ್‌ಬಾಬು ಅವರು. ಕೋಶದ ಮೊದಲ ವರ್ಷದಲ್ಲೇ ಎರಡು ದೊಡ್ಡ ದೇಶಗಳ ಹೆಸರನ್ನು ತಡೆಹಿಡಿದ ಕೀರ್ತಿ ಅವರದು. ಜಪಾನಿನವರು ತಮ್ಮ ನಾಡನ್ನು ಸೂರ್ಯ ಹುಟ್ಟುವ ಜಾಗವೆಂದು ಕರೆದುಕೊಳ್ಳುತ್ತಾರೆಂದು ಯಾರೋ ಅರ್ಜಿಯಲ್ಲಿ ಬರೆದಿದ್ದರು. ಸೂರ್ಯ ಚಿಂತಾಮಣಿ ಕಡೆಯಿಂದ ಹುಟ್ಟುವುದು ಕಚೇರಿಯ ಕಿಟಕಿಯಿಂದಲೇ ಕಾಣುತ್ತದೆ ಎಂದು ಷರಾ ಬರೆದು ಅವರು ಅದನ್ನು ತಳ್ಳಿಹಾಕಿದರು. ಚೀನಾದವರು ತಮ್ಮದನ್ನು ನಡುವಿನ ದೇಶ ಎನ್ನುತ್ತಾರೆಂದಾಗ, ನಡುವೆ ಎಂಬುದು ದಿಕ್ಕೇ ಅಲ್ಲವೆಂದು ಕಡತ ವಾಪಸು ಕಳಿಸಿದರು. ಹೆಸರು ಸಿಕ್ಕಿದ್ದು ದ್ವೀಪಗಳಿಗೆ ಮಾತ್ರ. ಸುತ್ತ ನೀರಿದ್ದವರಿಗೆ ತಕರಾರು ತೆಗೆಯುವ ನೆರೆಯವರಿಲ್ಲ. ಜಪಾನೂ ದ್ವೀಪವೇ ಅಲ್ಲವೇ ಎಂದು ಕೇಳುವ ಅಧಿಕಪ್ರಸಂಗವನ್ನು ಯಾರೂ ಮಾಡಲಿಲ್ಲ.

“ನೋಡಮ್ಮ, ನೀನು ಹೋಗ್ತಿರೋದು ನರ್ಸಾಗಿ,” ಎಂದರು ರಮೇಶ್‌ಬಾಬು, ತಂದೆಯ ಸ್ಥಾನದಲ್ಲಿ ನಿಂತು. “ಪೂರ್ವದೋರು ಹೇಳಿದ್ದು ನಿಜವಾದರೆ ಅಲ್ಲಿರೋರೆಲ್ಲ ಮೂಕರು. ರೋಗಿ ಎಲ್ಲಿ ನೋವು ಅಂತ ಹೆಂಗೆ ಹೇಳ್ತಾನೆ? ಪಶ್ಚಿಮದೋರು ಹೇಳಿದ್ದು ನಿಜವಾದರೆ ಊರ ತುಂಬ ಗಂಡಸರೇ. ಉತ್ತರದೋರು ಹೇಳಿದ್ದು ನಿಜವಾದರೆ ಸೊಂಟದಲ್ಲಿ ಕತ್ತಿ ಬೇರೆ. ಹೆಣ್ಣುಮಗಳನ್ನ ಅಂಥ ಕಡೆ ಕಳಿಸಿ ನಾಳೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?”

“ಸರ್, ಅದೆಲ್ಲ ಯಾವುದೋ ಕಾಲದ ಮಾತು. ಪಕ್ಕದೋರು ಸುಮ್ನೆ ಇಟ್ಟಿದ್ದ ಹೆಸರು.”

“ಪಕ್ಕದೋರು ಸುಮ್ಸುಮ್ನೆ ಏನೂ ಮಾಡಲ್ಲಮ್ಮ. ಮೂವತ್ತು ವರ್ಷ ಖಾತೆ ಮಾಡಿದೀನಿ.”

ಹೊರಗೆ ಹೊಂಗೆ ಮರದ ಕೆಳಗೆ ಮಧ್ಯವರ್ತಿ ಕೋನಪ್ಪ ಕಾದಿದ್ದ. ಮೊದಲು ಸೈಟುಗಳನ್ನು ಮಾಡಿಸಿಕೊಡುತ್ತಿದ್ದವನು ಈಗ ಖಂಡಗಳನ್ನು ಮಾಡಿಸಿಕೊಡುತ್ತಾನೆ. ಅವನು ಪ್ರಿಯಾಂಕಳ ಮುಖ ನೋಡಿಯೇ ದೇಶ ದೊಡ್ಡದೆಂದು ತಿಳಿದ.

“ಸುತ್ತ ಬಾರ್ಡರ್ ಇರೋ ಕಂಟ್ರಿ ಯಾಕಮ್ಮ ತಗೊಂಡೆ? ಲಿಟಿಗೇಶನ್ನು. ದ್ವೀಪ ತಗೋ, ಕ್ಲಿಯರ್ ಟೈಟಲ್ಲು. ಮಾಲ್ಟಾ ಐತೆ, ನಾಳೆನೇ ಕೊಡಿಸ್ತೀನಿ.”

“ನನಗೆ ಕೆಲಸ ಸಿಕ್ಕಿರೋದು ಜರ್ಮನೀಲಿ, ಅಣ್ಣ.”

“ಕೆಲಸ ಎಲ್ಲಾ ಕಡೇನೂ ಇರ್ತದೆ ಕಣಮ್ಮ, ಟೈಟಲ್ಲು ಇರಲ್ಲ.”

ಅವಳು ಅವನ ಕೈ ಬಿಸಿ ಮಾಡಲಿಲ್ಲ. ಅದು ಅವಳ ಎರಡನೆಯ ತಪ್ಪು. ನಿಯಮದಂತೆ ನೋಟಿಸುಗಳು ಹೊರಟವು: ಸದರಿ ದೇಶಕ್ಕೆ ಹೆಸರು ಕೂರಿಸುವ ಬಗ್ಗೆ ತಕರಾರಿದ್ದಲ್ಲಿ ಖುದ್ದಾಗಿಯೋ ವಕೀಲರ ಮೂಲಕವೋ ಕಚೇರಿ ವೇಳೆಯಲ್ಲಿ ಹಾಜರಾಗುವುದು. ಪೋಲೆಂಡು ಹಾಜರಾಗಲಿಲ್ಲ. ಫ್ರಾನ್ಸಿನಿಂದ ಯಾರೋ ಪುಣ್ಯಾತ್ಮರು ಉತ್ತರ ಬರೆದಿದ್ದರು. ಅದು ಯಾರಿಗೂ ಅರ್ಥವಾಗದ ಕಾರಣ ತಕರಾರೆಂದು ದಾಖಲಿಸಲಾಯಿತು. ಉತ್ತರದ ಸಮುದ್ರಕ್ಕೆ ನೋಟಿಸು ಜಾರಿ ಮಾಡಲು ಬಯ್ಯಪ್ಪನವರು ತಾವೇ ಹೋಗಿ, ಸಮೀಪದ ನೀರೆಂದು ಕಂದವಾರದ ಕೆರೆ ಏರಿಯ ಮೇಲಿನ ಮರಕ್ಕೆ ಅಂಟಿಸಿ ಬಂದರು. ಕೆರೆಯೂ ಏನೂ ಹೇಳಲಿಲ್ಲ.

ಇನ್ನು ಉಳಿದದ್ದು ಮಹಜರು. ಮಹಜರು ಸ್ಥಳದಲ್ಲೇ ಆಗಬೇಕು. ಆದಕಾರಣ ತಾವು ಸಕುಟುಂಬರಾಗಿ ಜರ್ಮನಿಗೆ ಹೋಗಿಬರುವುದು ಅನಿವಾರ್ಯವೆಂದು ರಮೇಶ್‌ಬಾಬು ಅವರು ಬಹಳ ಸಂಕೋಚದಿಂದ ಮೇಲಿನವರಿಗೆ ಬರೆದರು. ಮೇಲಿನವರು ತಾವೇ ಹೋಗುವ ಯೋಚನೆಯಲ್ಲಿದ್ದುದರಿಂದ ಒಪ್ಪಲಿಲ್ಲ. ಆಗ ಚೀನಾದ ಪೂರ್ವನಿದರ್ಶನ ನೆರವಿಗೆ ಬಂತು. ಚೀನಾದ ಮಹಜರನ್ನು ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ತೆಗೆಯುವ ಶೆಡ್ಡಿನಲ್ಲಿ, ಅಲ್ಲಿಂದ ಬಂದ ಯಂತ್ರದ ಮುಂದೆ ಮುಗಿಸಿದ್ದರು. ದೇಶಕ್ಕೆ ನಾವು ಹೋಗಲಾಗದಿದ್ದರೆ ದೇಶದ ವಸ್ತು ಇರುವಲ್ಲಿಗೆ ಹೋದರೆ ಸಾಕು ಎಂಬುದು ಅದರ ನ್ಯಾಯ. ಅರ್ಜಿದಾರರ ಮನೆಯಲ್ಲಿ ಜರ್ಮನಿಯ ವಸ್ತುವೇನಾದರೂ ಇದೆಯೇ ಎಂದು ಕೇಳಲಾಗಿ, ಪ್ರಿಯಾಂಕಳ ತಾಯಿ ಮಂಗಮ್ಮ ಒಂದು ಜರ್ಮನ್ ಸಿಲ್ವರ್ ಪಾತ್ರೆ ಇದೆಯೆಂದು ತಿಳಿಸಿದಳು. ಚಿಂತಾಮಣಿ ಸಂತೆಯಲ್ಲಿ ಹಳೆ ಸೀರೆ ಕೊಟ್ಟು ತಂದದ್ದು.

ಹೀಗೆ ಶಿವರಾತ್ರಿ ಕಳೆದ ಮೇಲೆ ಒಂದು ಜೀಪು ನಗರಗೆರೆಗೆ ಬಂತು. ಪಾತ್ರೆಯನ್ನು ಅಡುಗೆಮನೆಯಲ್ಲೇ ಅಳೆಯಲಾಯಿತು. ಮಹಜರು ಹೀಗಿದೆ: “ಸದರಿ ವಸ್ತುವಿನ ಪೂರ್ವಕ್ಕೆ ಒಲೆ, ಪಶ್ಚಿಮಕ್ಕೆ ರಾಗಿಹಿಟ್ಟಿನ ಡಬ್ಬ, ಉತ್ತರಕ್ಕೆ ಗೋಡೆ, ದಕ್ಷಿಣಕ್ಕೆ ಮಂಗಮ್ಮ. ವಸ್ತುವಿನೊಳಗೆ ಉಪ್ಪುಸಾರು ಇರುತ್ತದೆ. ಕೂಲಂಕಷವಾಗಿ ನೋಡಲಾಗಿ ಬೆಳ್ಳಿ ಕಂಡುಬಂದಿರುವುದಿಲ್ಲ. ಜರ್ಮನಿಯೂ ಕಂಡುಬಂದಿರುವುದಿಲ್ಲ.” ಪಂಚರು ಸಹಿ ಹಾಕಿ ಉಪ್ಪುಸಾರಿನಲ್ಲಿ ಮುದ್ದೆ ಉಂಡರು. ಆಮೇಲೆ ಪಾತ್ರೆಯನ್ನು ತೊಳೆಸಿ ಜಪ್ತಿ ಮಾಡಲಾಯಿತು.

ಹೊರಡುವ ಮುಂಚೆ ರಮೇಶ್‌ಬಾಬು ಅವರು ವಾಡಿಕೆಯಂತೆ ಪಕ್ಕದ ಮನೆಯ ಶ್ಯಾಮಲಮ್ಮನನ್ನು ಕರೆಸಿ, ಇದು ಯಾರ ಮನೆ ಎಂದು ಕೇಳಿದರು.

“ಸುನ್ನಂವಾಳ್ಳ ಇಲ್ಲು ಸಾಮಿ. ಅದೇ, ಸುಣ್ಣದೋರ ಮನೆ.”

ಮಂಗಮ್ಮನಿಗೆ ಹಳೇ ಸಿಟ್ಟು ಕೆದರಿತು. “ನಮ್ಮ ಮಾವನೋರು ಒಂದೇ ಒಂದ್ ಸಲ ಸುಣ್ಣದ ಗಾಡಿ ಹೊಡ್ಕೊಂಡ್ ಬಂದಿದ್ರು ಸ್ವಾಮಿ. ಅವತ್ತಿಂದ ನಾವು ಸುಣ್ಣದೋರಾಗ್ಬುಟ್ವಿ. ನಮ್ಮನ್ನೇನ್ ಕೇಳಿ ಇಟ್ರಾ ಇವ್ರು? ಪಕ್ಕದೋರ್ ಕರೆದಂಗೆ ಊರು ಕರೀತು. ಹಂಗೇ ದೇಶಗಳೂ ಅಂತ ನನ್ನ ಮಗಳು ಹೇಳ್ತಾವ್ಳೆ. ಕಳಿಸ್ಕೊಟ್ಬುಡಿ ಸ್ವಾಮಿ, ನಿಮ್ ಕಾಲಿಗ್ ಬೀಳ್ತೀನಿ.”

ರಮೇಶ್‌ಬಾಬು ಅವರ ಮುಖ ಅರಳಿತು. ಅವರು ಕೂಡಲೇ ಜೀಪಿನ ಬಾನೆಟ್ಟಿನ ಮೇಲೆ ಹೊಸ ನಿಯಮವೊಂದನ್ನು ಬರೆದರು: ಹೆಸರು ನೆರೆಯವರಿಂದ ಬರತಕ್ಕದ್ದು, ಹೆಸರು ಹೊರುವವರ ಅಭಿಪ್ರಾಯ ಕೇಳುವ ಅಗತ್ಯವಿರುವುದಿಲ್ಲ. ತಾಯಿಯ ಬೇಡಿಕೆ ಮಗಳ ಅರ್ಜಿಗೆ ವಿರುದ್ಧವಾದ ಸಾಕ್ಷ್ಯವಾಗಿ ಕಡತ ಸೇರಿತು. ಮಂಗಮ್ಮ ಕೈಮುಗಿದುಕೊಂಡೇ ನಿಂತಿದ್ದಳು.

ಆದೇಶ ಬಂದದ್ದು ಯುಗಾದಿಗೆ ಮೂರು ದಿನ ಇರುವಾಗ. ಎಲ್ಲ ನೆರೆಯವರ ಹಕ್ಕನ್ನೂ ಕಾಪಾಡಿದ ಆದೇಶ ಅದು. ಪ್ರಿಯಾಂಕಳ ಗಮ್ಯದೇಶದ ಹೆಸರು ‘ಮೂಕರ ನಾಡು ಉರುಫ್ ಎಲ್ಲ ಗಂಡಸರ ನಾಡು ಉರುಫ್ ಕತ್ತಿಯವರ ನಾಡು, ತಕರಾರಿಗೆ ಒಳಪಟ್ಟು’ ಎಂದು ದೃಢೀಕರಿಸಲಾಗಿತ್ತು. ಅವಳನ್ನು ಕಳಿಸಬೇಕಿದ್ದ ನೇಮಕಾತಿ ಏಜೆನ್ಸಿಯವಳು ಆ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅಂಥ ದೇಶಕ್ಕೆ ತಾವು ಜನ ಕಳಿಸುವುದಿಲ್ಲವೆಂದೂ, ಈ ಹೆಸರಿನ ದೇಶ ಇನ್ನೆಲ್ಲಾದರೂ ಇದ್ದರೆ ಅಲ್ಲಿಗೇ ಬರೆದುಕೊಳ್ಳಬೇಕೆಂದೂ ಹೇಳಿದಳು. ಪ್ರಿಯಾಂಕ ಬಸ್ಸು ಹಿಡಿದು ಚಿಕ್ಕಬಳ್ಳಾಪುರಕ್ಕೆ ಓಡಿದಳು. ಕೋಶಕ್ಕೆ ಹಬ್ಬದ ರಜೆ ಶುರುವಾಗಿತ್ತು. ಬೀಗ ಹಾಕಿದ ಬಾಗಿಲ ಮುಂದೆ ಮೆಟ್ಟಿಲ ಮೇಲೆ ಕೂತು ಅವಳು ಅತ್ತಳು. ಜರ್ಮನ್ನಿನಲ್ಲಿ ನೋವಿಗೆ ಎಷ್ಟು ಪದಗಳಿವೆಯೋ ಅವಳಿಗೆ ಅಷ್ಟೂ ಬರುತ್ತಿದ್ದವು. ಒಂದನ್ನೂ ಕೇಳಿಸಿಕೊಳ್ಳುವವರಿರಲಿಲ್ಲ.

ಹಬ್ಬ ಕಳೆಯಿತು. ಜರ್ಮನಿಯ ಆಸ್ಪತ್ರೆ ಬಹಳ ವಿಷಾದದಿಂದ ಕೆಲಸವನ್ನು ಬೇರೊಬ್ಬರಿಗೆ ಕೊಟ್ಟಿತು. ನರ್ಸಿಂಗ್ ಹೋಮಿನವರು ವಿಷಾದವಿಲ್ಲದೆ, ಕೋಶಕ್ಕೆ ಅಲೆಯಲು ರಜೆ ಹಾಕಿದ್ದ ಅವಳ ಜಾಗಕ್ಕೆ ಇನ್ನೊಬ್ಬಳನ್ನು ತೆಗೆದುಕೊಂಡಿದ್ದರು. ಅವಳು ಮೇಲ್ಮನವಿ ಸಲ್ಲಿಸಲು ಹೋದಾಗ ರಮೇಶ್‌ಬಾಬು ಅವರು ಕೂರಿಸಿ ಕಾಫಿ ತರಿಸಿದರು.

“ಇಷ್ಟೊಂದು ದೇಶದ ಹೆಸರು ತಿಳ್ಕೊಂಡಿರೋ ಹುಡುಗಿ ಮನೇಲಿರಬಾರದಮ್ಮ. ನಮ್ಮಲ್ಲೇ ಹೊರಗುತ್ತಿಗೆ ಮೇಲೆ ಒಂದು ಪೋಸ್ಟು ಬಂದಿದೆ. ದೇಶಭಾಷಾ ಸಹಾಯಕಿ ಅಂತ. ಫ್ರಾನ್ಸಿನ ಕಾಗದ ಇನ್ನೂ ಹಾಗೇ ಬಿದ್ದಿದೆ, ಓದಿ ಹೇಳೋರಿಲ್ಲ.”

“ನನಗೆ ಬರೋದು ಜರ್ಮನ್ ಸರ್. ಫ್ರೆಂಚ್ ಬರಲ್ಲ.”

“ಎಲ್ಲಾ ಅಕ್ಕಪಕ್ಕದೋರೇ ಅಲ್ವಾ.”

ಮನೆಯಲ್ಲಿ ಪಾತ್ರೆಯೂ ಇರಲಿಲ್ಲ, ಕೆಲಸವೂ ಇರಲಿಲ್ಲ. ಪ್ರಿಯಾಂಕ ಸೇರಿಕೊಂಡಳು. ಮೊದಮೊದಲು ಅರ್ಜಿ ಹಿಡಿದು ಬಂದವರಿಗೆ ಗುಟ್ಟಾಗಿ, ಚಕ್ಕುಬಂದಿ ಕೇಳಿದರೆ ಗೊತ್ತಿಲ್ಲ ಅನ್ನಿ ಎಂದು ಹೇಳಿಕೊಡುತ್ತಿದ್ದಳು. ಗೊತ್ತಿಲ್ಲ ಅಂದವರ ಅರ್ಜಿ ಅಪೂರ್ಣವೆಂದು ವಾಪಸಾಗತೊಡಗಿದ ಮೇಲೆ ಹೇಳಿಕೊಡುವುದನ್ನು ಬಿಟ್ಟಳು. ದಸರೆಯ ಹೊತ್ತಿಗೆ, ಗ್ರೀಸಿಗೆ ಅಡುಗೆ ಕೆಲಸಕ್ಕೆ ಹೊರಟ ಶಿಡ್ಲಘಟ್ಟದ ಹುಡುಗನೊಬ್ಬನಿಗೆ ಅವಳು ತಲೆಯೆತ್ತದೆ ಹೇಳಿದಳು: “ಅದು ನಾವು ಕರೆಯೋದಪ್ಪ. ಅಲ್ಲಿನೋರು ಹೆಲ್ಲಾಸ್ ಅಂತಾರೆ. ಪೂರ್ವಕ್ಕೆ ಯಾರು?” ಬಯ್ಯಪ್ಪನವರು ಹೆಮ್ಮೆಯಿಂದ ಅವಳನ್ನೇ ನೋಡುತ್ತಿದ್ದರು.

ಇತ್ತ ನಗರಗೆರೆಯಲ್ಲಿ ಒಂದು ಬದಲಾವಣೆಯಾಗಿತ್ತು. ಜೀಪು ಬಂದು ಹೋದಂದಿನಿಂದ ಶ್ಯಾಮಲಮ್ಮ ಪಕ್ಕದ ಮನೆಯನ್ನು ಸುಣ್ಣದೋರ ಮನೆ ಎನ್ನುವುದನ್ನು ಬಿಟ್ಟು ಜರ್ಮನಿಯೋರ ಮನೆ ಎನ್ನತೊಡಗಿದಳು. ಎದುರು ಮನೆಯವರು, ಹಿಂದಿನ ಮನೆಯವರು, ಈಚೆ ಪಕ್ಕದ ಮನೆಯವರು ಎಲ್ಲರೂ ಹಾಗೇ ಕರೆದರು. ಕೂಗಲು ಉದ್ದವಾಯಿತೆಂದು ಕೊನೆಗೆ ಬರೀ ಜರ್ಮನಿ ಆಯಿತು. ಜರ್ಮನಿ ಹಸು ಈದಿದೆ, ಜರ್ಮನಿ ಬೋರಲ್ಲಿ ನೀರು ಬಂತು ಎಂದು ಜನ ಮಾತಾಡಿಕೊಂಡರು. ಯಾರೂ ನಗುತ್ತಿರಲಿಲ್ಲ.

ಸುದ್ದಿ ಕೋಶಕ್ಕೆ ಮುಟ್ಟಿತು. ನಾಲ್ಕೂ ದಿಕ್ಕಿನ ನೆರೆಯವರು ಒಂದೇ ಹೆಸರಿನಿಂದ ಕರೆಯುವ, ದ್ವೀಪವಲ್ಲದ ಮೊಟ್ಟಮೊದಲ ದೇಶ ಸಿಕ್ಕಿದ್ದಕ್ಕೆ ರಮೇಶ್‌ಬಾಬು ಅವರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅವರು ಹೇಳಿದ್ದನ್ನು ಪ್ರಿಯಾಂಕ ತಾನೇ ಟೈಪು ಮಾಡಿದಳು: “ಅರ್ಜಿದಾರರು ಕೋರಿದ ಜರ್ಮನಿ ದೇಶದ ಹೆಸರಿಗೆ ಪೂರ್ವದ ಶ್ಯಾಮಲಮ್ಮನವರನ್ನು ಒಳಗೊಂಡು ಯಾರ ತಕರಾರೂ ಇರುವುದಿಲ್ಲವಾದ್ದರಿಂದ ಸದರಿ ಹೆಸರನ್ನು ಖಾಯಂ ಮಾಡಿದೆ. ಅರ್ಜಿದಾರರು ಪ್ರತಿದಿನ ಸಂಜೆ ತಮ್ಮ ಗಮ್ಯದೇಶವನ್ನು ಕ್ಷೇಮವಾಗಿ ತಲುಪುತ್ತಿರುವುದು ದೃಢಪಟ್ಟಿರುವ ಕಾರಣ ಕಡತವನ್ನು ಮುಕ್ತಾಯಗೊಳಿಸಿದೆ.” ಟೈಪು ಮಾಡಿ, ಒಂದು ತಪ್ಪು ತಿದ್ದಿ, ಸಹಿಗೆ ಇಟ್ಟಳು. ಕೋನಪ್ಪ ಸ್ವೀಟು ಹಂಚಿದ. ಜಪ್ತಿಯಾಗಿದ್ದ ಪಾತ್ರೆಯನ್ನೂ ಅವತ್ತೇ ಬಿಡುಗಡೆ ಮಾಡಿದರು.

ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಅವಳು ಸಂಜೆಯ ಬಸ್ಸಿನಲ್ಲಿ ಕೂತಳು. ಅಭ್ಯಾಸಬಲದಿಂದ ಬಾಯಿ ತನ್ನಷ್ಟಕ್ಕೆ ತಾನೇ ಹಳೇ ಪಾಠಗಳನ್ನು ಮಣಮಣಿಸುತ್ತಿತ್ತು: ಎಲ್ಲಿ ನೋವು, ಯಾವಾಗಿನಿಂದ ನೋವು, ಹೆದರಬೇಡಿ ನಾನಿದ್ದೀನಿ. ನಗರಗೆರೆಯ ತಿರುವು ಬಂತು. ಕಂಡಕ್ಟರ್ ಸೀಟಿ ಊದಿ ಕೂಗಿದ.

“ಜರ್ಮನಿ! ಜರ್ಮನಿ ಇಳಿಯೋರು ಮುಂದಕ್ಕೆ ಬನ್ನಿ!”

ಪ್ರಿಯಾಂಕ ಎದ್ದು ಇಳಿದಳು.